ನೆಂಟರಿಗೆ ಆದಿತ್ಯವಾರ ರಜೆ ಇಲ್ಲ

ನಮ್ಮ ಕಡೆ ಜಾತಿ ಕೇಳುವುದು ಅಸಭ್ಯತೆ. ನಾವು ವಿದ್ಯಾವಂತರು, ಆದ್ದರಿಂದ ಮನೆ ಕೇಳುತ್ತೇವೆ. "ನಿಮ್ಮದು ಯಾವ ಮನೆ?" ಎಂದರೆ ಬಾಗಿಲು ಯಾವ ದಿಕ್ಕಿಗೆ ಉಂಟು ಎಂದು ಕೇಳಿದ್ದಲ್ಲ ಎಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಈ ಪ್ರಶ್ನೆಯನ್ನು ನನ್ನ ಅತ್ತೆಯಷ್ಟು ನಯವಾಗಿ ಕೇಳುವವರನ್ನು ನಾನು ಕಂಡಿಲ್ಲ. ಯಾರನ್ನೇ ಎದುರಿಗೆ ಕೂರಿಸಿದರೂ ಚಹಾ ಆರುವುದರೊಳಗೆ ಅವರ ಅಜ್ಜಿಯನ್ನು ಎಲ್ಲಿಂದಲೋ ಹಿಡಿದು ತಂದು ನಮ್ಮ ಅಜ್ಜಿಯ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ತಾಯಿಯ ಕಡೆಯಿಂದ ಬರುವ ಕುಲವನ್ನು ನಾವು ಬರಿ ಎನ್ನುತ್ತೇವೆ. ಬರಿ ಒಂದೇ ಎಂದು ಗೊತ್ತಾದರೆ ಮುಗಿಯಿತು, ಬಂದವರು ನೆಂಟರು. ಮದುವೆ ಮಾತುಕತೆಯಲ್ಲಿ ಈ ವಿದ್ಯೆಗೆ ಬಹಳ ಬೆಲೆ. ಮಗುವನ್ನು ನೋಡಿಕೊಳ್ಳಲು ಜನ ಹುಡುಕುವಾಗ ಮಾತ್ರ ಇದು ಮನೆಯಲ್ಲಿ ಇರಬಾರದು.

ನನ್ನ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಮಣಿಪಾಲದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಪ್ರಾಂಶುಪಾಲರು ಫೋನು ಮಾಡಿ, "ನಿಮಗೆ ಕಷ್ಟವಾದರೆ ಆರಾಮಾಗಿ ಮನೆಯಲ್ಲಿಯೇ ಇರಿ ಮೇಡಂ, ಬೇರೆ ಒಬ್ಬರು ತಯಾರಿದ್ದಾರೆ" ಎಂದಿದ್ದರು. ಅಷ್ಟು ಕಾಳಜಿಯಿಂದ ಯಾರೂ ನನ್ನನ್ನು ಹೆದರಿಸಿರಲಿಲ್ಲ. ಆ ಕೆಲಸ ನನಗೆ ಬೇಕಿತ್ತು. ಮಗುವಿನಷ್ಟೇ ಬೇಕಿತ್ತು ಎಂದರೆ ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಗಂಡ ಉಡುಪಿಯ ಬ್ಯಾಂಕಿನಲ್ಲಿ. ಅತ್ತೆ ಮೊಮ್ಮಗಳಿಗಾಗಿ ಕಾರ್ಕಳದಿಂದ ಬಂದು ನಮ್ಮ ಫ್ಲ್ಯಾಟಿನಲ್ಲಿಯೇ ಇದ್ದರು, ಆದರೆ ಮೊಣಕಾಲು ನೋವಿನವರು. ಅಂಬೆಗಾಲಿಡುವ ಮಗುವಿನ ಹಿಂದೆ ಓಡುವುದು ಅವರಿಂದ ಆಗುತ್ತಿರಲಿಲ್ಲ. ಸೋಫಾದಲ್ಲಿ ಕೂತು ಸಂದರ್ಶನ ಮಾಡುವುದಕ್ಕೆ ಮೊಣಕಾಲು ಬೇಡವಲ್ಲ.

ನಾನೂ ಕಡಿಮೆಯವಳಲ್ಲ. ಇಂಟರ್ನೆಟ್ಟಿನಿಂದ ಪ್ರಶ್ನೆಗಳನ್ನು ತೆಗೆದು ಸಿದ್ಧಳಾಗಿದ್ದೆ. ಮನೆಯಲ್ಲಿ ನಾವು ಆಡುವುದು ತುಳು, ಆದರೆ ಸಂದರ್ಶನ ಎಂದ ಮೇಲೆ ಮರ್ಯಾದೆ ಬೇಕಲ್ಲ, ಕನ್ನಡದಲ್ಲಿಯೇ ಶುರು ಮಾಡಿದೆ. ಮೊದಲು ಬಂದವಳು ಕೆಮ್ಮಣ್ಣಿನ ಹೆಂಗಸು.

"ಮಗು ಅತ್ತರೆ ನಿಮ್ಮ ಮೊದಲ ಪ್ರತಿಕ್ರಿಯೆ ಏನು?" ಎಂದು ಕೇಳಿದೆ.

"ಎತ್ತಿಕೊಳ್ಳುದು. ಮತ್ತೆ ಎಂತ ಮಾಡುದು?" ಎಂದಳು.

"ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಆಗ ಮಗು ಶಾಲೆಗೆ ಹೋಗುದಿಲ್ವಾ?"

ನನಗೆ ಇಷ್ಟವಾಯಿತು. ಆದರೆ ಅತ್ತೆ ಎಷ್ಟು ಕೆದಕಿದರೂ ಕೆಮ್ಮಣ್ಣಿನಲ್ಲಿ ನಮ್ಮವರು ಎನ್ನುವ ಒಬ್ಬರೂ ಸಿಗಲಿಲ್ಲ. ಅವಳು ಹೋದ ಮೇಲೆ, "ಗುರ್ತ ಪರಿಚಯ ಇಲ್ಲದವರ ಕೈಯಲ್ಲಿ ಮಗುವನ್ನು ಹೇಗೆ ಕೊಡುದು ಮಾರಾಯ್ತಿ?" ಎಂದರು. ಮತ್ತೊಬ್ಬಳು ಕಾರ್ಕಳದ ಕಡೆಯವಳು. ಅವಳ ಮನೆಯ ಗುರ್ತ ಅತ್ತೆಗೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಅವಳ ಮಾವನ ತಂದೆ ಯಾವ ಕಾಲದಲ್ಲೋ ನಮ್ಮ ಮಾವನ ತಂದೆಯ ಗದ್ದೆಗೆ ಬರುವ ನೀರು ತಿರುಗಿಸಿದ್ದರಂತೆ. ಆ ಗದ್ದೆ ಈಗ ಪೆಟ್ರೋಲ್ ಬಂಕ್ ಆಗಿದೆ, ನೀರಿನ ಸಿಟ್ಟು ಮಾತ್ರ ಹಾಗೇ ಇತ್ತು.

ಆಮೇಲೆ ಬಂದವಳು ಕಾಪುವಿನವಳು. ಐವತ್ತರ ಆಸುಪಾಸು, ಬಿಗಿಯಾಗಿ ಕಟ್ಟಿದ ತುರುಬು. ಉಡುಪಿಯ ಒಬ್ಬ ಡಾಕ್ಟರರ ಮನೆಯಲ್ಲಿ ಎರಡು ಮಕ್ಕಳನ್ನು ನೋಡಿಕೊಂಡವಳು. ನನ್ನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಲೇ, ಮಗು ಬಾಯಿಗೆ ಹಾಕಿಕೊಂಡ ಮೊಬೈಲ್ ಚಾರ್ಜರನ್ನು ಬಿಡಿಸಿ ಕೈಗೆ ಒಂದು ಚಮಚ ಕೊಟ್ಟಳು. ಸೋಮವಾರದಿಂದ ಶನಿವಾರ ಬರುತ್ತೇನೆ, ಆದಿತ್ಯವಾರ ಮಾತ್ರ ರಜೆ ಬೇಕು ಎಂದಳು. ನಾನು ಇನ್ನೇನು ಹೂಂ ಎನ್ನಬೇಕು, ಅತ್ತೆ ಬಾಯಿ ತೆರೆದರು.

"ಕಾಪುವಿನಲ್ಲಿ ನಿಮ್ಮದು ಯಾವ ಮನೆ?"

ಅಲ್ಲಿಂದ ಮಾತು ತುಳುವಿಗೆ ಇಳಿಯಿತು. ಕಾಪುವಿನಿಂದ ಎಲ್ಲೂರಿಗೆ ಹೋಯಿತು, ಎಲ್ಲೂರಿನಲ್ಲಿ ಮೇಲಿನ ಮನೆ ಎಂಬ ಮನೆತನ ಸಿಕ್ಕಿತು, ಮೇಲಿನ ಮನೆಯಲ್ಲಿ ಒಬ್ಬ ಅಜ್ಜಿ ಸಿಕ್ಕಿದರು.

"ಅಯ್ಯೋ ದೇವರೇ! ನೀನು ಆ ಅಜ್ಜಿಯ ಮೊಮ್ಮಗಳಾ? ಹಾಗಾದ್ರೆ ನೀನು ನಂಗೆ ತಂಗಿ ಆಗ್ಬೇಕು!"

ಕೆಲಸಕ್ಕೆಂದು ಬಂದವಳ ಮುಂದಿದ್ದ ಸ್ಟೀಲ್ ಲೋಟ ಒಳಗೆ ಹೋಗಿ, ಹೂವಿನ ಚಿತ್ರದ ಪಿಂಗಾಣಿ ಕಪ್ಪು ಹೊರಗೆ ಬಂತು. ಅತ್ತೆಯ ಕಣ್ಣಲ್ಲಿ ನೀರೇ ಬಂತು. ಕೊನೆಗೆ ಅವಳ ಕೈಯಲ್ಲಿ ಹಲಸಿನ ಹಪ್ಪಳ, ಬಾಳೆಹಣ್ಣು ಎಲ್ಲ ಇತ್ತು, ಕೆಲಸ ಮಾತ್ರ ಇರಲಿಲ್ಲ.

"ನೆಂಟರನ್ನು ಕೆಲಸಕ್ಕೆ ಇಟ್ಟುಕೊಳ್ಳುದುಂಟಾ? ನಾಳೆ ಮದುವೆ ಮನೆಯಲ್ಲಿ ಎಂತ ಹೇಳುದು?" ಎಂದರು ಅತ್ತೆ.

ನನಗೆ ಪಿತ್ತ ನೆತ್ತಿಗೇರಿತು. "ಅತ್ತೆ, ಗುರ್ತ ಇಲ್ಲದವರು ಆಗುದಿಲ್ಲ, ಗುರ್ತ ಇದ್ದವರೂ ಆಗುದಿಲ್ಲ. ಅರ್ಧ ಗುರ್ತ ಇದ್ದವರನ್ನು ನಾನು ಎಲ್ಲಿಂದ ತರುದು?" ಎಂದೆ.

ದಾರಿ ಕಂಡುಹಿಡಿದವನು ನನ್ನ ಗಂಡ. ಬಾಕಿ ಬಿದ್ದ ಸಾಲಕ್ಕೆ ಬೇರೆ ಹೆಸರಿಟ್ಟು ಹೊಸದು ಮಾಡುವುದು ಬ್ಯಾಂಕಿನವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. "ಕೆಲಸಕ್ಕೆ ಅಂತ ಯಾಕೆ ಹೇಳ್ಬೇಕು? ಚಿಕ್ಕಮ್ಮ ಮಗುವಿನ ಜೊತೆಗೆ ಇರ್ಲಿಕ್ಕೆ ಬರ್ತಾರೆ ಅಂತ ಹೇಳಿದ್ರಾಯ್ತು, ಅಲ್ವಾ?" ಎಂದ. ಅತ್ತೆಯ ಮುಖ ಅರಳಿತು. ನಾನೇ ಫೋನು ಮಾಡಿದೆ. ಕಾಪುವಿನವಳು, "ಆಯ್ತು, ಎಂತ ಬೇಕಾದ್ರೂ ಹೇಳಿ. ಆದಿತ್ಯವಾರ ರಜೆ ಉಂಟಲ್ವಾ?" ಎಂದಳು. ಉಂಟು ಎಂದೆ. ಕಾಲೇಜು ಶುರುವಾಗುವ ದಿನ ನಾನು ಸಮಯಕ್ಕೆ ಸರಿಯಾಗಿ ಹೋಗಿ ಕೂತೆ. ಪ್ರಾಂಶುಪಾಲರಿಗೆ ಸ್ವಲ್ಪ ನಿರಾಸೆಯಾದ ಹಾಗೆ ಕಂಡಿತು.

ಗಂಡನಿಗೆ ಚಿಕ್ಕಮ್ಮ ಎಂದ ಮೇಲೆ ನನಗೆ ಅವಳು ಚಿಕ್ಕತ್ತೆ. ಮಗು ನೋಡಲು ಜನ ಹುಡುಕಲು ಹೊರಟವಳು ಇನ್ನೊಬ್ಬ ಅತ್ತೆಯನ್ನು ಸಂಪಾದಿಸಿದ್ದೆ. ಮೊದಲ ದಿನ ಮೇಡಂ ಎಂದಿದ್ದವಳು ಈಗ ನನ್ನನ್ನು "ಮಗಾ" ಎನ್ನುತ್ತಿದ್ದಳು, ನಾನು "ನೀವು" ಎನ್ನುತ್ತಿದ್ದೆ. ತಿಂಗಳ ಸಂಬಳವನ್ನು ಸಂಬಳ ಎನ್ನುವಂತಿಲ್ಲವಲ್ಲ, ಅತ್ತೆ ಅದನ್ನು ಮದುವೆಯ ಉಡುಗೊರೆ ಕವರಿನಲ್ಲಿ ಹಾಕಿ, ಮೇಲೆ ಒಂದು ರೂಪಾಯಿಯ ನಾಣ್ಯ ಸೇರಿಸಿ ಕೊಡುತ್ತಿದ್ದರು. ಕವರಿನ ಮೇಲೆ "ಶುಭ ವಿವಾಹ" ಎಂದಿತ್ತು.

ಮಗು ಅವಳಿಗೆ ಚೆನ್ನಾಗಿ ಒಗ್ಗಿತು. ನಾವು ಅದಕ್ಕಿಂತ ಬೇಗ ಒಗ್ಗಿದೆವು. ಒಂದು ಆದಿತ್ಯವಾರ ಕಾರ್ಕಳದಿಂದ ನೆಂಟರು ಬರುವವರಿದ್ದರು. "ತಂಗಿ, ನೀನು ಇಲ್ಲದಿದ್ರೆ ಹೇಗೆ?" ಎಂದರು ಅತ್ತೆ. ಬಂದಳು. ಮುಂದಿನ ಆದಿತ್ಯವಾರ ಮಗುವಿಗೆ ಶೀತ. ಆಮೇಲಿನದ್ದಕ್ಕೆ ಕಾರಣವೂ ಬೇಕಾಗಲಿಲ್ಲ. ಕೆಲಸದವರಾದರೆ ರಜೆ ಕೊಡಬೇಕು, ಕೇಳಿದರೆ ಇಲ್ಲ ಎನ್ನಲು ನಾಚಿಕೆಯಾಗುತ್ತದೆ. ನೆಂಟರಲ್ಲಿ ಆ ತೊಂದರೆ ಇಲ್ಲ. "ನಮ್ಮವಳೇ ಅಲ್ವಾ" ಎಂದರೆ ಸಾಕು. ಆ ಮಾತನ್ನು ಅತ್ತೆ ಪ್ರೀತಿಯಿಂದಲೇ ಹೇಳುತ್ತಿದ್ದರು, ನಾನು ಪ್ರೀತಿಯಿಂದಲೇ ತಲೆಯಾಡಿಸುತ್ತಿದ್ದೆ. ಆದಿತ್ಯವಾರ ಮಧ್ಯಾಹ್ನದ ನಿದ್ದೆ ಎಷ್ಟು ಸುಖ ಎಂಬುದು ಗೊತ್ತಾದ ಮೇಲೆ ನ್ಯಾಯ ಅನ್ಯಾಯದ ಯೋಚನೆ ಸಂಜೆಗೇ ಬರುವುದು.

ಒಂದು ಶನಿವಾರ ನಾನು ಕಾಲೇಜಿನಿಂದ ಬಂದಾಗ ಅವಳು ಚೀಲ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು.

"ಮೇಡಂ, ನಂಗೆ ಒಂದು ವಿಷಯ ಮಾತಾಡ್ಲಿಕ್ಕುಂಟು" ಎಂದಳು, ಕನ್ನಡದಲ್ಲಿ.

ತಿಂಗಳುಗಟ್ಟಲೆ ತುಳುವಿನಲ್ಲಿ ಮಗಾ ಎಂದವಳು ಕನ್ನಡದಲ್ಲಿ ಮೇಡಂ ಎಂದರೆ ಸಂದರ್ಶನ ಮತ್ತೆ ಶುರುವಾಯಿತು ಎಂದೇ ಅರ್ಥ. ಈ ಸಲ ಪ್ರಶ್ನೆ ಕೇಳುವವಳು ನಾನಲ್ಲ.

"ನಂಗೆ ಈ ಸಂಬಂಧ ಬೇಡ. ಕೆಲಸ ಬೇಕು. ಡಾಕ್ಟರರ ಮನೆಯಲ್ಲಿ ನಾನು ಯಾರೂ ಅಲ್ಲ, ಆದ್ರೆ ಆದಿತ್ಯವಾರ ನನ್ನ ಮನೆಯಲ್ಲಿ ಇರ್ತಿದ್ದೆ. ಇಲ್ಲಿ ನಾನು ಚಿಕ್ಕಮ್ಮ. ಮನೆಯಲ್ಲಿ ನನ್ನ ಮಗಳು ಬಾಣಂತಿ, ಅವಳ ಮಗುವನ್ನು ನಾನು ಸರಿಯಾಗಿ ಎತ್ತಿಕೊಂಡದ್ದೇ ಇಲ್ಲ. ಒಂದಾ ರಜೆ ಕೊಡಿ, ಇಲ್ಲದಿದ್ರೆ ಬೇರೆ ಜನ ನೋಡಿ."

ಬೇರೆ ಜನ ಎಂದಾಗ ನನ್ನ ಕಣ್ಣ ಮುಂದೆ ಪ್ರಾಂಶುಪಾಲರು ನಕ್ಕರು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಕಿಟಕಿಯನ್ನು ನೋಡುತ್ತಿದ್ದರು. ಬರಿ ಒಂದಾದವರನ್ನು ನೆಂಟರಲ್ಲ ಎನ್ನುವುದು ಹೇಗೆ? ಆದರೆ ಕಟ್ಟಲು ಬಲ್ಲವರಿಗೆ ಬಿಚ್ಚಲೂ ಬರುತ್ತದೆ. ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು.

"ನಾನು ಮತ್ತೆ ಯೋಚನೆ ಮಾಡಿದೆ. ಎಲ್ಲೂರಿನಲ್ಲಿ ಮೇಲಿನ ಮನೆ ಎರಡು ಉಂಟು. ನಮ್ಮದು ತೋಟದ ಆಚೆಯದ್ದು. ನಿಮ್ಮದು ಬಹುಶಃ ಬೇರೆ."

"ಹೌದು, ಬೇರೆಯೇ" ಎಂದಳು ಅವಳು, ಒಂದು ಕ್ಷಣವೂ ತಡಮಾಡದೆ.

ಹಾಗೆ ನಾವು ಯಾರೂ ಜಗಳವಾಡದೆ ಸಂಬಂಧ ಕಡಿದುಕೊಂಡೆವು. ಕವರು ಹೋಗಿ ಸಂಬಳ ಬಂತು, ಪಿಂಗಾಣಿ ಕಪ್ಪು ಹೋಗಿ ಸ್ಟೀಲ್ ಲೋಟ ಬಂತು, ಅವಳಿಗೆ ಆದಿತ್ಯವಾರವೂ ಬಂತು. ಅವಳಿಗೆ ಲೋಟದ ಬಗ್ಗೆ ಯಾವ ಬೇಸರವೂ ಇದ್ದಂತಿರಲಿಲ್ಲ. ಅದರಲ್ಲಿ ಚಹಾ ಜಾಸ್ತಿ ಹಿಡಿಯುತ್ತಿತ್ತು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಬನ್ನಂಜೆಯ ಸಭಾಭವನವೊಂದರಲ್ಲಿ ನಮ್ಮ ಬಂಧುಗಳ ಮದುವೆ ಇತ್ತು, ಆದಿತ್ಯವಾರ. ಊಟಕ್ಕೆ ಕೂತಾಗ ಎದುರಿನ ಪಂಕ್ತಿಯಲ್ಲಿ ಕಾಪುವಿನವಳು ಕಂಡಳು. ರೇಷ್ಮೆ ಸೀರೆ, ತುರುಬಿಗೆ ಮಲ್ಲಿಗೆ, ಪಕ್ಕದಲ್ಲಿ ಮಗಳು, ತೊಡೆಯ ಮೇಲೆ ಮೊಮ್ಮಗು. ಮದುಮಗಳ ಅಜ್ಜಿ ಎಲ್ಲೂರಿನ ಮೇಲಿನ ಮನೆಯವರು. ಮೇಲಿನ ಮನೆ ಎರಡಲ್ಲ, ಒಂದೇ ಎಂಬುದು ಆ ಪಂಕ್ತಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನನ್ನ ಮಗು ಅವಳನ್ನು ಕಂಡದ್ದೇ ಕೈ ಚಾಚಿ ಕಿರುಚಿತು. ಇಡೀ ಪಂಕ್ತಿ ತಿರುಗಿ ನೋಡಿತು. ಅವಳು ನಕ್ಕು, "ಇವತ್ತು ಆದಿತ್ಯವಾರ ಅಲ್ವಾ ಪುಟ್ಟಾ" ಎಂದು ಪಾಯಸಕ್ಕೆ ಕೈ ಹಾಕಿದಳು.

ಅತ್ತೆಯ ಪಕ್ಕದಲ್ಲಿದ್ದ, ನಮ್ಮ ಮನೆಗೆ ಎಂದೂ ಬಂದಿರದ ಕಾರ್ಕಳದ ಪರಿಚಯದ ಹೆಂಗಸು ಕೇಳಿದರು: "ಅವರು ಯಾರು? ಮಗುವಿಗೆ ಇಷ್ಟು ಗುರ್ತ ಉಂಟಲ್ಲ?"

ನೆಂಟರು ಎಂದರೆ, ನೆಂಟರು ನಿಮ್ಮ ಮನೆಯಲ್ಲಿ ಕೆಲಸಕ್ಕೆ ಬರುವುದಾ ಎಂದು ನಾಳೆ ಪ್ರಶ್ನೆ ಬರುತ್ತದೆ. ಕೆಲಸಕ್ಕೆ ಬರುವವಳು ಎಂದರೆ, ಅವಳು ಕೂತಿರುವುದು ಮದುಮಗಳ ಕಡೆಯ ಹಿರಿಯರ ಸಾಲಿನಲ್ಲಿ. ಮೂರು ತಾಲೂಕಿನ ಅಜ್ಜಿಯರನ್ನು ಬಾಯಿಪಾಠ ಮಾಡಿದ್ದ ನನ್ನ ಅತ್ತೆ ಎಲೆಯನ್ನೇ ನೋಡುತ್ತ ಹೇಳಿದರು:

"ಗೊತ್ತಿಲ್ಲ."

ಪಂಕ್ತಿಗಳ ನಡುವಿನ ಜಾಗ ದೊಡ್ಡದಲ್ಲ. ಅವಳ ಕೈ ಪಾಯಸದಲ್ಲಿ ಒಂದು ಗಳಿಗೆ ನಿಂತದ್ದನ್ನು ನಾನು ಕಂಡೆ. ನನಗೆ ನಾಚಿಕೆಯಾಯಿತು. ಅತ್ತೆಯ ಬದಲು ನಾನು ಹೇಳಬಹುದಿತ್ತು, ನನ್ನ ಬಾಯಲ್ಲಿ ಹೋಳಿಗೆ ಇತ್ತು ಎಂಬುದು ಸಬೂಬಲ್ಲ. ಆದರೆ ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆ ಬಂತು: ನಾಳೆ ಅವಳು ಬರುತ್ತಾಳಾ? ನಿಜ ಹೇಳಬೇಕೆಂದರೆ ಅದೇ ದೊಡ್ಡದಾಗಿತ್ತು.

ಮರುದಿನ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿ, ಮಗುವನ್ನು ಸೊಂಟಕ್ಕೆ ಹಾಕಿ ಬಾಗಿಲಲ್ಲೇ ನಿಂತಿದ್ದೆ. ಎಂದಿನ ಹೊತ್ತಿಗೇ ಬೆಲ್ಲು ಆಯಿತು. ಅವಳೇ. ತಲೆಯಲ್ಲಿ ನಿನ್ನೆಯ ಮಲ್ಲಿಗೆ ಬಾಡಿತ್ತು. ಮಗುವನ್ನು ನನ್ನಿಂದ ತೆಗೆದುಕೊಂಡಳು, ಆದರೆ ಒಳಗೆ ಬರಲಿಲ್ಲ. ಸೋಫಾದಲ್ಲಿದ್ದ ಅತ್ತೆಯನ್ನು ನೋಡಿ, ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಕನ್ನಡದಲ್ಲಿ ಹೇಳಿದಳು:

"ನಮಸ್ಕಾರ ಅಮ್ಮ. ನಾನು ಕಾಪುವಿನವಳು. ಈ ಮನೆಯಲ್ಲಿ ಮಗು ನೋಡ್ಲಿಕ್ಕೆ ಬರ್ತೇನೆ. ನಿಮಗೆ ಗೊತ್ತಿಲ್ಲ ಅಂತ ನಿನ್ನೆ ಕೇಳಿ ಗೊತ್ತಾಯ್ತು, ಅದಕ್ಕೆ ಹೇಳಿದ್ದು."

ಅತ್ತೆ ಬಾಯಿ ತೆರೆದರು. ಹೊಸಬರು ಎದುರಿಗೆ ನಿಂತಾಗ ಅವರು ತಪ್ಪದೆ ಕೇಳುವ ಪ್ರಶ್ನೆ ಒಂದೇ. ಅದು ಬರಲಿಲ್ಲ.

"ಒಳಗೆ ಬನ್ನಿ" ಎಂದರು. ಕೆಲಸಕ್ಕೆ ಬರುವ ಯಾರಿಗೂ ಅತ್ತೆ "ಬನ್ನಿ" ಎಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.