ಲಂಗದ ಲಾಡಿಯ ಸಂಶೋಧನೆ

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಮಗಳ ಓದು ಒಂದು ಲಾಡಿಯ ಗಂಟಿಗೆ ಸಿಕ್ಕಿಕೊಂಡಿತ್ತು. ಎಳವೆಯಲ್ಲಿ ಬಂದ ಜ್ವರ ಅವಳ ಬಲಗೈಯ ಶಕ್ತಿಯನ್ನು ಕಸಿದುಕೊಂಡಿತ್ತು. ಬಸವಕಲ್ಯಾಣದ ಶಾಲೆಯ ಮುಖ್ಯ ಶಿಕ್ಷಕಿ ಒಂದೇ ಮಾತು ಹೇಳಿದ್ದರು: "ಓದಸೋದು ನಮ್ಮ ಕೆಲಸ ರೀ. ಹೊರಗ ಹೋಗಿ ಬಂದು ಲಂಗದ ಲಾಡಿ ತಾನೇ ಕಟ್ಟಿಕೊಳ್ಳಾಕ ಬಂದ ದಿನ ಕರಕೊಂಡು ಬರ್ರಿ." ಮಗಳಿಗೆ ಆಗಲೇ ಎಂಟು ವರ್ಷ.

ಹುಮನಾಬಾದಿಗೆ ವಾರಕ್ಕೊಮ್ಮೆ ಒಬ್ಬ ತರುಣಿ ಬರುತ್ತಿದ್ದರು. ಆಕ್ಯುಪೇಶನಲ್ ಥೆರಪಿ ಕಲಿತವರು. ಉಣ್ಣುವುದು, ಉಡುವುದು, ಬರೆಯುವುದು, ಹೀಗೆ ಮಕ್ಕಳ ದಿನದ ಕೆಲಸವನ್ನೇ ಔಷಧ ಮಾಡಿ ಕೊಡುವವರು. ಜನರ ಬಾಯಲ್ಲಿ ಅವರು 'ಕೈ ಕಲಿಸೋ ಬಾಯಿ'; ಬಾಯಿ ಅಂದರೆ ನಮ್ಮ ಕಡೆ ಅಮ್ಮಾವರು. ಮಗಳನ್ನು ಅವರಲ್ಲಿಗೆ ಕರೆದೊಯ್ದೆ. ಅವರ ಬಳಿಯಿದ್ದ ಪರದೇಶದ ಮಕ್ಕಳ ಕೆಲಸಗಳ ಪಟ್ಟಿಯಲ್ಲಿ ಗುಂಡಿ, ಝಿಪ್ಪು, ಮುಳ್ಳು-ಚಮಚ ಇದ್ದವು. ಅದನ್ನೆಲ್ಲ ಹೊಡೆದುಹಾಕಿ ಲಾಡಿ ಕಟ್ಟುವುದು, ರೊಟ್ಟಿ ಮುರಿಯುವುದು, ತಂಬಿಗೆ ಎತ್ತುವುದು ಎಂದು ಬರೆದುಕೊಂಡಿದ್ದರು. "ನಮ್ಮ ಕಡಿ ಮಕ್ಕಳ ಬಗ್ಗೆ ಯಾರೂ ಬರದೇ ಇಲ್ಲ ರೀ. ನಾವೇ ಬರೀಬೇಕು," ಎಂದು ನನಗೊಂದು ವಹಿ ಕೊಟ್ಟರು. ದಿನಾ ಮಗಳು ತಾನೇ ಕಟ್ಟಿದಳೋ ಇಲ್ಲವೋ, ಅಷ್ಟು ಬರೆದರಾಯಿತು.

ವಹಿ ಸಿಕ್ಕ ಮೇಲೆ ನನ್ನಂಥ ಕಚೇರಿ ಗುಮಾಸ್ತ ಸುಮ್ಮನಿರುತ್ತಾನೆಯೇ? ಮೊದಲ ವಾರ 'ಇಲ್ಲ' ಎಂದು ಬರೆದು ಬರೆದು ನನಗೆ ಊಟ ಸೇರದಾಯಿತು. ಸುಧಾರಣೆ ಕಾಣದೆ ಬಾಯಿಯವರು ನಮ್ಮನ್ನು ಕೈಬಿಟ್ಟರೆ? ಎರಡನೇ ವಾರದಿಂದ 'ಅರ್ಧ ಕಟ್ಟಿದಳು', ಆಮೇಲೆ 'ಕಟ್ಟಿದಳು'. ಸಂಶಯ ಬಾರದಿರಲೆಂದು ನಡುವೆ ಒಂದೆರಡು 'ಇಲ್ಲ' ಉದುರಿಸಿದೆ. "ಬಿಡ, ಹೊತ್ತಾತು," ಎಂದು ದಿನಾ ಗಂಟು ಬಿಗಿಯುತ್ತಿದ್ದವನು ನಾನೇ.

ವಹಿ ನೋಡಿ ಬಾಯಿಯವರ ಮುಖ ಅರಳಿತು. "ಭಾಳ ಚಲೋ ಆತು. ಬೇಮಳಖೇಡದ ಒಂದು ಕೂಸಿಗೂ ಹೀಂಗ ಚಾಲೂ ಮಾಡ್ತೀನಿ."

ಆ ಕೂಸನ್ನು ನಾನು ನೋಡಿರಲಿಲ್ಲ. ಆದರೆ ಅದರ ಅಪ್ಪ ನನ್ನಂತೆಯೇ ಉಗುರು ಕಚ್ಚುತ್ತ ಕೂತದ್ದು ಕಣ್ಣಿಗೆ ಕಟ್ಟಿತು. "ಬಾಯಾರ, ಅದೆಲ್ಲ ಖೊಟ್ಟಿ ಅದ ರೀ," ಎಂದೆ.

ಬೈಗುಳಕ್ಕಾಗಿ ಕಾದೆ. ಅವರು ನನ್ನ ಚೆಂದದ ಅಕ್ಷರಗಳ ಮೇಲೆ ಅಡ್ಡಗೆರೆ ಎಳೆದರು. "'ಇಲ್ಲ' ಅಂತ ಬರದಿದ್ರ ಯಾಕ ಆಗವಲ್ದು ಅಂತ ಹುಡಕತಿದ್ದೆ. ಸುಮ್ಮ ದಿನ ಹೋದ್ವು. ಇನ್ನ ಎಂಟು ದಿನ ನೀವು ಕೈ ಹಿಂದ ಕಟಗೊಂಡು ಕೂಡ್ರಿ. ಆಕೀ ಅವ್ವಗೂ ಹೇಳ್ರಿ."

ಕೂತೆ. "ಅಪ್ಪಾ, ಅತ್ತಾಗ ನೋಡು," ಎಂದು ಮಗಳೇ ಗದರಿದಳು. ಐದು ದಿನ 'ಇಲ್ಲ'. ಆರನೆಯ ದಿನ ಲಾಡಿಯ ಒಂದು ತುದಿಯನ್ನು ಗೋಡೆಗೂ ಸೊಂಟಕ್ಕೂ ನಡುವೆ ಒತ್ತಿ ಹಿಡಿದು, ಎಡಗೈಯಿಂದ ಇನ್ನೊಂದನ್ನು ಸುತ್ತಿ ಎಳೆದಳು. ಗಂಟು ಸೊಟ್ಟಗಿತ್ತು, ಆದರೆ ಬಿಚ್ಚಿಕೊಳ್ಳಲಿಲ್ಲ.

ಬಾಯಿಯವರು ಅದನ್ನು ಮೂರು ಸಲ ಮಾಡಿಸಿ ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ಸೆರಗಿನಲ್ಲಿ ಅಡಗಿಸಿ, ಗೋಡೆಗೆ ಒತ್ತಿ ನಿಂತು, ನನ್ನ ಮಗಳಿಂದ ಕಲಿತರು. "ಇದು ನಾ ಕಲಿಸಿದ್ದಲ್ಲ, ಆಕೀ ಹುಡುಕಿದ್ದು," ಎಂದು ಹಾಗೆಯೇ ಬರೆದುಕೊಂಡರು. ಅಂಥ ಪ್ರಾಮಾಣಿಕ ಬರವಣಿಗೆ ನಮ್ಮ ಕಚೇರಿಯಲ್ಲಿ ನಾನು ಕಂಡಿಲ್ಲ, ನನ್ನದಂತೂ ಬಿಡಿ.

ಸೋಮವಾರ ಮುಖ್ಯ ಶಿಕ್ಷಕಿ ಮಗಳನ್ನು ಪರೀಕ್ಷೆಗೆ ಒಳಗೆ ಕರೆದೊಯ್ದರು. ಶಾಲೆಯ ಗೋಡೆಗೆ ಹೊಸ ಸುಣ್ಣ ಬಳಿದಿದ್ದಾರಲ್ಲ, ಲಂಗ ಹಾಳಾದೀತೆಂದು ನಾನು ಹೊರಗೆ ಚಿಂತಿಸುತ್ತ ನಿಂತೆ. ಬಾಗಿಲಲ್ಲಿ ಮಗಳು ಕಂಡಳು. ಸೊಂಟದ ತುಂಬ ಸುಣ್ಣ.

"ಅಪ್ಪಾ, ನೀ ಮನೀಗಿ ಹೋಗು. ನನ್ನ ಕ್ಲಾಸ್ ಚಾಲೂ ಆಗ್ಯದ."