ಕೊನೆಯ ಸೀಟಿನವರೆಗೆ

ಲಗ್ಗೆರೆಯ ಸಾಲುಮನೆಗೆ ಬಾಡಿಗೆಗೆ ಬಂದ ಮೂರನೇ ತಿಂಗಳಿಗೆ ಮಹಾನಂದಾಳಿಗೆ ಶಾಲೆಯ ಬಸ್ಸಿನಲ್ಲಿ ಆಯಾ ಕೆಲಸ ಸಿಕ್ಕಿತು. ಊರು ಲಿಂಗಸುಗೂರಿನ ಕಡೆ. ಗಂಡ ನೀಲಪ್ಪ ಪೀಣ್ಯದ ಒಂದು ಶೆಡ್ಡಿನಲ್ಲಿ ಪ್ರೆಸ್ ಮಿಷನ್ ಮೇಲೆ ದುಡಿಯುತ್ತಿದ್ದ. ಇಬ್ಬರು ಮಕ್ಕಳು ಊರಲ್ಲೇ ಅಜ್ಜಿಯ ಬಳಿ ಇದ್ದು ಶಾಲೆಗೆ ಹೋಗುತ್ತಿದ್ದರು. ತನ್ನ ಮಕ್ಕಳನ್ನು ಶಾಲೆಗೆ ಕಳಿಸುವವರು ಯಾರೋ, ತಾನು ಕೈಹಿಡಿದು ಕಳಿಸುವುದು ಯಾರ ಮಕ್ಕಳನ್ನೋ ಎಂದು ಮೊದಮೊದಲು ಆಕೆಗೆ ಅನ್ನಿಸುತ್ತಿತ್ತು. ಆಮೇಲೆ ಹಾಗೆ ಅನ್ನಿಸಲು ಪುರುಸೊತ್ತೇ ಇರಲಿಲ್ಲ.

ಡ್ರೈವರ್ ಸೀಟಿನ ಹಿಂದೆ ಹೆಡ್‌ಮಿಸ್ ಕಮಲಮ್ಮನವರು ಒಂದು ರಟ್ಟು ತೂಗುಹಾಕಿಸಿದ್ದರು. ಅದರಲ್ಲಿ ಎಂಟು ನಿಯಮಗಳಿದ್ದವು. ಮಹಾನಂದಾ ಓದಿದ್ದು ಮೂರನೇ ಇಯತ್ತೆ. ದಿನಕ್ಕೊಂದರಂತೆ ದೊಡ್ಡ ಮಕ್ಕಳಿಂದ ಓದಿಸಿಕೊಂಡು ಎಂಟು ದಿನದಲ್ಲಿ ಬಾಯಿಪಾಠ ಮಾಡಿದಳು. ರಾತ್ರಿ ರೊಟ್ಟಿ ಬಡಿಯುತ್ತ ಅವನ್ನೇ ಹೇಳಿಕೊಳ್ಳುವಾಗ ನೀಲಪ್ಪ ನಗುತ್ತಿದ್ದ.

"ಏನಬೇ, ನಿನಗೂ ಪರೀಕ್ಷಾ ಐತೇನು?"

"ದಿನಾ ಐತಿ," ಎನ್ನುತ್ತಿದ್ದಳು ಅವಳು.

ಬಸ್ಸು ನಿಂತ ಕೂಡಲೇ ಮೊದಲು ಇಳಿಯುವವಳು ಅವಳೇ. ಹಿಂದಿನಿಂದ ಬರುವ ಲಾರಿಗಳಿಗೆ ಬಲಗೈ ಅಡ್ಡ ಎತ್ತಿ ಹಿಡಿಯುವಳು. ರಸ್ತೆ ದಾಟುವ ಮಕ್ಕಳು ಬಸ್ಸಿನ ಮುಂದಿನಿಂದ, ಹತ್ತು ಹೆಜ್ಜೆ ದೂರದಿಂದ, ಡ್ರೈವರ್ ನರಸಪ್ಪನ ಕಣ್ಣಿಗೆ ಬೀಳುವಂತೆಯೇ ದಾಟಬೇಕು. ಹಿಂದಿನಿಂದ ಒಂದು ಮಗುವನ್ನೂ ಬಿಡುತ್ತಿರಲಿಲ್ಲ. ಇಳಿಯುವ ಮೊದಲು ಬಿಚ್ಚಿದ ಬೂಟಿನ ಲೇಸು ಕಟ್ಟುವಳು, ಜೋತುಬಿದ್ದ ಬ್ಯಾಗಿನ ಪಟ್ಟಿ ಒಳಗೆ ಸೇರಿಸುವಳು. ಮಗುವನ್ನು ಮನೆಯವರ ಕೈಗೇ ಒಪ್ಪಿಸಬೇಕು ಎಂಬುದು ಆರನೇ ನಿಯಮ. ಒಮ್ಮೆ ಅಮರೇಶ ಎಂಬ ಹುಡುಗನನ್ನು ಕರೆದೊಯ್ಯಲು ಹೊಸಬನೊಬ್ಬ ಬಂದು ನಿಂತ.

"ನಾನು ಇವನ ಸೋದರಮಾವ ಕಣ್ರೀ, ಕಳಿಸಿ."

"ಇರಬಹುದ್ರೀ ಸಾರ್. ನನಗ ನಿಮ್ಮ ಮುಖ ಗೊತ್ತಿಲ್ಲ."

"ಮೂಗು ನೋಡ್ರೀ, ಇಬ್ರದೂ ಒಂದೇ ಥರ ಇಲ್ವಾ?"

"ಮೂಗು ನೋಡಿ ಕೂಸು ಕೊಡಾಂಗಿಲ್ರೀ."

ಅಮರೇಶ ಮತ್ತೆ ಬಸ್ಸು ಹತ್ತಿ ಶಾಲೆಗೆ ಹೋದ. ಮಾವ ಅಲ್ಲಿಗೇ ಅಕ್ಕನನ್ನು ಕರೆತಂದು ಹುಡುಗನನ್ನು ಬಿಡಿಸಿಕೊಳ್ಳಬೇಕಾಯಿತು.

ಏಳನೇ ನಿಯಮ, ಹತ್ತುವಾಗಲೂ ಇಳಿಯುವಾಗಲೂ ಹೆಸರು ಕರೆಯಬೇಕು, ಮಗು ಓಗೊಡಬೇಕು. ಎಂಟನೆಯದು, ಎಲ್ಲ ಮಕ್ಕಳೂ ಇಳಿದ ಮೇಲೆ ಆಯಾ ಕೊನೆಯ ಸೀಟಿನವರೆಗೆ ನಡೆದು, ಬಗ್ಗಿ, ಸೀಟಿನ ಕೆಳಗೂ ನೋಡಬೇಕು.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ, ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಆ ಸುದ್ದಿ ಬಂತು.

ಸಂಜೆಯಾದ ಮೇಲೆ ಬೀದಿಯಲ್ಲಿ ಯಾವುದೋ ಒಂದು ತಿರುಗುತ್ತದಂತೆ. ಬಾಗಿಲ ಮುಂದೆ ನಿಂತು ಹೆಸರು ಹಿಡಿದು ಕರೆಯುತ್ತದಂತೆ. ಕರೆಯುವುದು ತಾಯಿಯ ದನಿಯಲ್ಲಿ, ಇಲ್ಲವೇ ಗಂಡನ ದನಿಯಲ್ಲಿ. ಓಗೊಟ್ಟವರು ಬೆಳಗಾಗುವಷ್ಟರಲ್ಲಿ ರಕ್ತ ಕಾರಿ ಸಾಯುತ್ತಾರಂತೆ. ಸತ್ತವರನ್ನು ಕಂಡವರು ಯಾರೂ ಇರಲಿಲ್ಲ, ಆದರೆ ಒಂದು ವಾರದಲ್ಲಿ ಲಗ್ಗೆರೆಯ ಬಾಗಿಲುಗಳ ಮೇಲೆಲ್ಲ "ನಾಳೆ ಬಾ" ಎಂಬ ಅಕ್ಷರ ಮೂಡಿತು. ಅದನ್ನು ಓದಿ ಅದು ಹಿಂದಿರುಗುತ್ತದೆ ಎಂದು ನಂಬಿಕೆ. ಮಹಾನಂದಾಳೂ ಪಕ್ಕದ ಮನೆಯ ಈಶಪ್ಪನಿಂದ ತನ್ನ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆಸಿಕೊಂಡಳು. ಅದು ಒಂದೇ ಸಲ ಕರೆಯುತ್ತದೆ, ಮನುಷ್ಯರಾದರೆ ಮತ್ತೆ ಮತ್ತೆ ಕರೆಯುತ್ತಾರೆ. ಅದಕ್ಕೇ ಮೂರು ಸಲ ಕರೆದ ಮೇಲಷ್ಟೇ ಓ ಎನ್ನಬೇಕೆಂದು ಮನೆಮನೆಯಲ್ಲೂ ಮಕ್ಕಳಿಗೆ ಹೇಳಿಕೊಟ್ಟರು.

ಮರುದಿನ ಬಸ್ಸಿನಲ್ಲಿ ಮಹಾನಂದಾ ಹೆಸರು ಕರೆದರೆ ಯಾರೂ ಓಗೊಡಲಿಲ್ಲ. ಹತ್ತಿದ ಮಕ್ಕಳೆಲ್ಲ ಬಾಯಿ ಬಿಗಿಹಿಡಿದು ಆಕೆಯನ್ನೇ ನೋಡುತ್ತಿದ್ದವು. ಮೊದಲು ಆಟವೆಂದುಕೊಂಡಳು. ಚಿಕ್ಕವುಗಳ ಕಣ್ಣು ನೋಡಿದ ಮೇಲೆ ಹಾಗನ್ನಿಸಲಿಲ್ಲ.

ಪೀಣ್ಯ ಎರಡನೇ ಹಂತದ ಸ್ಟಾಪಿನಲ್ಲಿ ಸ್ಪೂರ್ತಿ ಎಂಬ ಏಳು ವರ್ಷದ ಹುಡುಗಿ ಹತ್ತುತ್ತಿದ್ದಳು. ಅವಳ ತಾಯಿ ನಿವೇದಿತಾ ಬ್ಯಾಂಕಿನಲ್ಲಿ ಗುಮಾಸ್ತೆ, ತಂದೆ ಪಂಚಾಕ್ಷರಿ ಕಾರ್ಖಾನೆಯಲ್ಲಿ ಎಂಜಿನಿಯರ್. ದಾವಣಗೆರೆ ಕಡೆಯವರು. ನಿವೇದಿತಾ ಮಗಳನ್ನು ಹತ್ತಿಸುತ್ತ ದನಿ ತಗ್ಗಿಸಿ ಹೇಳಿದರು.

"ಆಯಮ್ಮ, ನಮ್ ಪುಟ್ಟಿನ ಒಂದೇ ಸಲ ಕರೆದು ಬಿಡಬೇಡಿ. ಮೂರು ಸಲ ಆಗೋವರ್ಗೂ ಬಾಯಿ ಬಿಡಬಾರ್ದು ಅಂತ ಹೇಳ್ಕೊಟ್ಟಿದೀನಿ."

"ನೀವು ಓದಿದಾರ್ರೀ ಮೇಡಂ. ನೀವೂ ನಂಬ್ತೀರೇನು?"

"ಓದಿದೋರಿಗೆ ಹೆದ್ರಿಕೆ ಇರಲ್ವಾ?"

ಮೂವತ್ತೆರಡು ಮಕ್ಕಳಿಗೆ ಮೂರು ಮೂರು ಸಲ ಕೂಗಿ ಮಹಾನಂದಾಳ ಗಂಟಲು ಕಟ್ಟಿತು. ಪ್ರತಿ ಸ್ಟಾಪಿನಲ್ಲೂ ತಡವಾಯಿತು. ನರಸಪ್ಪ ಸ್ಟೀರಿಂಗಿನ ಮೇಲೆ ಗುದ್ದಿದ.

"ಏನಮ್ಮೋ, ಇದು ಇಸ್ಕೂಲ್ ಬಸ್ಸಾ, ಅರಾಜು ಕಟ್ಟೇನಾ? ಒಂದ್ ಸಲ, ಎಲ್ಡ್ ಸಲ, ಮೂರ್ ಸಲ ಅಂತ ಕೂಗ್ತಾ ನಿಂತಿದೀಯಲ್ಲ!"

ಮಕ್ಕಳು ನಕ್ಕವು. ಮಹಾನಂದಾ ನಾಚಿ ತಲೆ ತಗ್ಗಿಸಿದಳು. ಮರುದಿನದಿಂದ ಬೆಳಗ್ಗೆ ಮಾತ್ರ ಮೂರು ಸಲ ಕರೆಯುತ್ತಿದ್ದಳು. ಸಂಜೆ ಇಳಿಸುವಾಗ ಒಂದೇ ಸಲ. ಓಗೊಡದಿದ್ದರೆ ಇಳಿದಿರಬೇಕು ಎಂದುಕೊಳ್ಳುವುದು ಅಭ್ಯಾಸವಾಯಿತು. ಹೇಗೂ ಕೊನೆಯ ಸೀಟಿನವರೆಗೆ ಹೋಗಿ ನೋಡುತ್ತೇನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ನವೆಂಬರಿನ ಒಂದು ದಿನ ಮಧ್ಯಾಹ್ನವೇ ಮೋಡ ಕವಿದು ಮಬ್ಬಾಯಿತು. ನಾಲ್ಕು ಗಂಟೆಗೆ ಮಳೆ ಹಿಡಿಯಿತು, ಜೊತೆಗೆ ಕರೆಂಟು ಹೋಯಿತು. ಕರೆಂಟು ಹೋದಾಗ ಪೀಣ್ಯ ಬೇರೆಯೇ ಊರಾಗುತ್ತದೆ. ಹಗಲಿಡೀ ನೆಲ ನಡುಗಿಸುವ ಪ್ರೆಸ್ಸುಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ಕಿವಿಗೆ ಹತ್ತಿ ತುರುಕಿದಂತಾಗುತ್ತದೆ.

ಎರಡನೇ ಹಂತದ ಸ್ಟಾಪಿನಲ್ಲಿ ನಿವೇದಿತಾ ಇರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಹೆಚ್ಚಿದೆ, ಪಕ್ಕದ ಮನೆಯ ಮಕ್ಕಳ ಜೊತೆ ಕಳಿಸಿಬಿಡಿ ಎಂದು ಬೆಳಗ್ಗೆಯೇ ಹೇಳಿದ್ದರು. ಆರನೇ ನಿಯಮಕ್ಕೆ ಅದು ಒಪ್ಪದು. ಆದರೆ ಅವರು ತಾಯಿ, ತಾನು ಆಯಾ. ಎದುರಾಡಲು ಮಹಾನಂದಾಳಿಗೆ ಬಾಯಿ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು "ಸ್ಪೂರ್ತಿ" ಎಂದು ಕರೆದಳು. ಉತ್ತರವಿಲ್ಲ. ಹಿಂದೆ ಲಾರಿಗಳು ಹಾರ್ನ್ ಬಾರಿಸುತ್ತಿದ್ದವು. ಒಂದೇ ಪ್ಲಾಸ್ಟಿಕ್ ಹೊದ್ದುಕೊಂಡ ಮಕ್ಕಳ ಗುಂಪು ಮಳೆಯಲ್ಲಿ ಓಡಿತು. ಅದರಡಿ ಎಷ್ಟು ಕಾಲುಗಳಿದ್ದವೋ ಎಣಿಸಲಾಗಲಿಲ್ಲ. ಅವರೊಳಗೇ ಇದ್ದಾಳೆ ಎಂದುಕೊಂಡಳು.

ಬಸ್ಸು ತಂಗುತ್ತಿದ್ದದ್ದು ಮುಚ್ಚಿಹೋದ ಒಂದು ಎರಕದ ಕಾರ್ಖಾನೆಯ ಅಂಗಳದಲ್ಲಿ. ಅಲ್ಲಿಗೆ ಬಂದಾಗ ಬಸ್ಸಿನೊಳಗೆ ನೀರು ನಿಂತು ಜಾರುತ್ತಿತ್ತು. ಮಹಾನಂದಾ ಅರ್ಧದವರೆಗೆ ನಡೆದಳು.

"ಬಾರಮ್ಮೋ, ಬೀಗ ಆಕ್ಬೇಕು!" ನರಸಪ್ಪ ಹೊರಗಿನಿಂದ ಕೂಗಿದ.

ಅಲ್ಲಿಂದಲೇ ಕೊನೆಯ ಸೀಟಿನ ಕಡೆ ಕಣ್ಣಾಡಿಸಿದಳು. ಕತ್ತಲೆಯಲ್ಲಿ ಏನೂ ಕಾಣಲಿಲ್ಲ. ತಿರುಗಿದಳು. ಕೆಲಸಕ್ಕೆ ಸೇರಿದಾಗಿನಿಂದ ಹಾಗೆ ಅರ್ಧದಿಂದ ತಿರುಗಿದ್ದು ಅದೇ ಮೊದಲು.

ಆರು ಗಂಟೆಯ ಹೊತ್ತಿಗೆ ಆಕೆಯ ಮನೆ ಮುಂದೆ ಆಟೋ ನಿಂತಿತು. ನಿವೇದಿತಾ ಪೂರ್ತಿ ನೆನೆದಿದ್ದರು. ಬ್ಯಾಂಕಿನಿಂದ ಬಂದವರು ಮಗಳು ಪಕ್ಕದ ಮನೆಯಲ್ಲಿ ಆಡುತ್ತಿದ್ದಾಳೆಂದು ತಿಳಿದು ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ ಹೋಗಿ ವಿಚಾರಿಸಿದ್ದರು.

"ಅವಳು ನಮ್ ಜೊತೆ ಇಳೀಲೇ ಇಲ್ಲ ಅಂತಿದಾವೆ ಮಕ್ಳು. ಆಯಮ್ಮ, ಹೇಳಿ. ನೀವು ಇಳ್ಸಿದ್ರೋ ಇಲ್ವೋ?"

ಮಹಾನಂದಾಳಿಗೆ ನಿನ್ನೆ ಆ ಪುಟ್ಟ ಕೈ ಹಿಡಿದು ಇಳಿಸಿದ್ದು ನೆನಪಿತ್ತು. ಮೊನ್ನೆಯದೂ ನೆನಪಿತ್ತು. ಇವತ್ತಿನ ಕೈ ನೆನಪಾಗಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಆಟೋ ಹತ್ತಿದಳು.

ಅಂಗಳದ ಗೇಟಿನ ಎದುರಿನ ಚಹದಂಗಡಿಯಲ್ಲಿ ನರಸಪ್ಪ ಮಳೆ ನಿಲ್ಲಲೆಂದು ಕೂತಿದ್ದ. ವಿಷಯ ಕೇಳಿದ್ದೇ ತಡ, ಕೈಲಿದ್ದ ಲೋಟ ಬಿಟ್ಟು ಎದ್ದ.

"ಬಸ್ಸು ಖಾಲಿ ಇತ್ತಲ್ಲಮ್ಮ! ನೀನೇ ನೋಡಿ ಇಳಿದ್ಯಲ್ಲ?"

ಮಹಾನಂದಾ ಆಗಲೇ ಗೇಟಿನತ್ತ ಓಡಿದ್ದಳು. ನರಸಪ್ಪ ಗೇಟಿನ ಬೀಗ ತೆಗೆದ, ಮೂವರೂ ಒಳಗೆ ಓಡಿದರು. ಮಳೆ ಸಣ್ಣಗಾಗಿತ್ತು, ಕರೆಂಟು ಇನ್ನೂ ಬಂದಿರಲಿಲ್ಲ. ಬಸ್ಸು ಕಪ್ಪಾಗಿ ನಿಂತಿತ್ತು. ನರಸಪ್ಪ ಕಿಟಕಿಯ ಸರಳುಗಳ ನಡುವೆ ಟಾರ್ಚ್ ಬಿಟ್ಟ. ಸೀಟುಗಳ ಬೆನ್ನು ಮಾತ್ರ ಕಂಡವು. ನಿವೇದಿತಾ ಸರಳು ಹಿಡಿದು ಒಳಕ್ಕೆ ಕೂಗಿದರು.

"ಸ್ಪೂರ್ತೀ!"

ಕಾರ್ಖಾನೆಯ ತಗಡಿನ ಚಾವಣಿಯಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

"ನೋಡಿದ್ರಾ ಮೇಡಂ, ಇದ್ದಿದ್ರೆ ಓ ಅಂತಿರ್ಲಿಲ್ವಾ? ಸ್ಟೇಷನ್ನಿಗೆ ಓಗಾನ, ನಡೀರಿ."

ನಿವೇದಿತಾ ಗೇಟಿನತ್ತ ತಿರುಗಿಯೇಬಿಟ್ಟರು. ಮಹಾನಂದಾ ಅವರ ರಟ್ಟೆ ಹಿಡಿದಳು. ಅಷ್ಟು ಗಟ್ಟಿಯಾಗಿ ಯಾರನ್ನೂ ಆಕೆ ಹಿಡಿದವಳಲ್ಲ.

"ನಿಂದ್ರಿ ಮೇಡಂ. ಒಂದ್ ಸಲಕ್ಕ ಆಕಿ ಓ ಅನ್ನಂಗಿಲ್ಲ. ನೀವಾ ಕಲಿಸೀರಿ."

ನಿವೇದಿತಾ ಒಂದು ಕ್ಷಣ ಆಕೆಯ ಮುಖ ನೋಡಿದರು. ಮತ್ತೆ ಸರಳಿಗೆ ಬಾಯಿಟ್ಟು ಕರೆದರು. ಈ ಸಲ ದನಿ ಒಡೆದಿತ್ತು.

"ಸ್ಪೂರ್ತೀ..."

ಇನ್ನೊಂದು ಸಲ ಕರೆಯಲು ಉಸಿರು ಎಳೆದುಕೊಳ್ಳುತ್ತಿದ್ದರು. ಅಷ್ಟರಲ್ಲೇ ಬಸ್ಸಿನ ಹಿಂಬದಿಯಿಂದ ಸಣ್ಣಗೆ, "ಓ... ಅಮ್ಮಾ," ಎಂದು ಕೇಳಿಸಿತು.

ಮಹಾನಂದಾ ನರಸಪ್ಪನ ಕೈಯಿಂದ ಬೀಗದ ಕೈ ಕಿತ್ತುಕೊಂಡಳು. ಬಾಗಿಲು ತೆಗೆದು ಕತ್ತಲಲ್ಲೇ ಕೊನೆಯ ಸೀಟಿನವರೆಗೆ ನಡೆದು ಬಗ್ಗಿದಳು. ಮಗು ಸೀಟಿನ ಕೆಳಗೆ ಮೂಲೆಗೆ ಒತ್ತಿಕೊಂಡು, ಬ್ಯಾಗನ್ನು ಎದೆಗಪ್ಪಿಕೊಂಡು ಕೂತಿತ್ತು. ಮೈ ಮುಟ್ಟಿದರೆ ಕಲ್ಲಿನಂತೆ ತಣ್ಣಗಿತ್ತು.

ಚಹದಂಗಡಿಯ ಸೀಮೆಎಣ್ಣೆ ದೀಪದ ಹತ್ತಿರ ಕೂಡಿಸಿ ಬಿಸಿ ಹಾಲು ಕುಡಿಸಿದ ಮೇಲೆ ಸ್ಪೂರ್ತಿ ಬಾಯಿ ಬಿಟ್ಟಳು. ಹಿಂದಿನ ಸೀಟಿನಲ್ಲಿ ನಿದ್ದೆ ಬಂದಿತ್ತು. ಆಯಮ್ಮ ಕರೆದದ್ದು ಅರೆನಿದ್ದೆಯಲ್ಲಿ ಕೇಳಿಸಿತ್ತು. ಇನ್ನೆರಡು ಸಲ ಕರೆಯಲಿ ಎಂದು ಕಾಯುತ್ತ ಮತ್ತೆ ಕಣ್ಣು ಹತ್ತಿತ್ತು.

"ಎದ್ದಾಗ ಯಾರೂ ಇರ್ಲಿಲ್ಲ. ಆದ್ರೆ ನೀನು ಹೇಳ್ದಂಗೇ ಮಾಡ್ದೆ ಅಮ್ಮ. ನೀನು ಮೂರನೇ ಸಲ ಕರೆದ್ಮೇಲೇನೇ ಓ ಅಂದಿದ್ದು."

"ಎರಡೇ ಸಲ ಅಲ್ವಾ ಪುಟ್ಟಿ ನಾನು ಕರೆದಿದ್ದು?"

"ಇಲ್ಲಮ್ಮ. ಮೊದ್ಲು ಒಂದ್ಸಲ ಬಂದಿದ್ಯಲ್ಲ." ಮಗು ಹಾಲಿನ ಲೋಟದೊಳಗೇ ನೋಡುತ್ತ ಹೇಳಿತು. "ತುಂಬಾ ಹೊತ್ತಾಯ್ತು. ಬಾಗ್ಲ ಹತ್ರ ನಿಂತ್ಕೊಂಡು ಸ್ಪೂರ್ತೀ ಅಂದೆ. ನಾನು ಸೀಟ್ ಕೆಳಗೆ ಹೋದೆ. ಆಮೇಲೆ ನೀನು ಬಸ್ ಸುತ್ತ ನಡೆದೆ. ಒಂದೊಂದೇ ಕಿಟಕಿ ತಟ್ಕೊಂಡು ಬಂದೆ. ಇನ್ನೊಂದ್ಸಲ ಯಾಕಮ್ಮ ಕರೀಲಿಲ್ಲ?"

ನಿವೇದಿತಾರ ಕೈ ಮಗಳ ತಲೆಯ ಮೇಲೆ ಹಾಗೇ ನಿಂತಿತು. ಚಹದಂಗಡಿಯವನು ಸ್ಟವ್ ತಗ್ಗಿಸಿದ.

"ನಾನಿಲ್ಲೇ ಕೂತಿದ್ನಲ್ಲ," ಎಂದ ನರಸಪ್ಪ, ಯಾರೂ ಕೇಳದಿದ್ದರೂ. "ಗೇಟಿಗೆ ಬೀಗ ಆಕಿದ್ದು ನಾನೇ, ಈಗ ತೆಗೆದಿದ್ದೂ ನಾನೇ. ನಡುವೆ ಒಂದು ನರಪಿಳ್ಳೇನೂ ಒಳಿಕ್ಕೆ ಓಗಿಲ್ಲ."



ಮರುದಿನ ಕಮಲಮ್ಮನವರು ಮಹಾನಂದಾಳನ್ನು ಕರೆಸಿದರು. ಕೆಲಸ ಹೋಯಿತೆಂದು ಆಕೆ ರಾತ್ರಿಯೇ ನೀಲಪ್ಪನಿಗೆ ಹೇಳಿದ್ದಳು. ಆದರೂ ಕಮಲಮ್ಮನವರ ಮುಂದೆ ಮಳೆ, ಲಾರಿ, ನರಸಪ್ಪನ ಅವಸರ ಯಾವುದನ್ನೂ ನೆವ ಹೇಳಲಿಲ್ಲ.

"ಕೊನೀ ಸೀಟಿನತನಕ ಹೋಗಲಿಲ್ರೀ ಮೇಡಂ. ಅರ್ಧದಾಗಿಂದ ತಿರುಗಿದೆ."

ನಿವೇದಿತಾ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. "ಸ್ಟಾಪಿಗೆ ನಾನೂ ಹೋಗ್ಲಿಲ್ಲ ಮೇಡಂ," ಎಂದರು. "ಕರೆದ್ರೆ ಮಾತಾಡ್ಬೇಡ ಅಂತ ಬಾಯಿ ಕಟ್ಟಿದ್ದೂ ನಾನೇ. ಇವರೊಬ್ಬರನ್ನೇ ತೆಗೆದ್ರೆ ನಂಗೆ ನಿದ್ದೆ ಬರಲ್ಲ."

ಕಮಲಮ್ಮನವರು ಇಬ್ಬರನ್ನೂ ಚೆನ್ನಾಗಿ ಬೈದರು. ಆಮೇಲೆ ಮಹಾನಂದಾಳನ್ನು ಬಸ್ಸಿಗೆ ಕಳಿಸಿದರು. ಮನೆಯವರು ಸ್ಟಾಪಿನಲ್ಲಿ ಇಲ್ಲದಿದ್ದರೆ ಯಾವ ಮಗುವೂ ಇಳಿಯುವಂತಿಲ್ಲ ಎಂದು ಮನೆಮನೆಗೂ ಚೀಟಿ ಹೋಯಿತು. ತಾಯಂದಿರು ಸಹಿ ಮಾಡಿ ಕಳಿಸಿದರು.

ಆದರೆ ಮಹಾನಂದಾಳಿಗೆ ಹೆಸರು ಕರೆಯುವುದರ ಮೇಲೆ ನೆಚ್ಚಿಕೆ ಉಳಿಯಲಿಲ್ಲ. ನಿಯಮವಿದ್ದುದರಿಂದ ಕರೆಯುತ್ತಿದ್ದಳು. ಜೊತೆಗೆ ಪ್ರತಿ ಮಗುವಿನ ಮಣಿಕಟ್ಟನ್ನೂ ಹಿಡಿಯುತ್ತಿದ್ದಳು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ತಾಯಿಯ ಕೈಗೆ ಕೈ ಸೇರುವವರೆಗೆ ಬಿಡುತ್ತಿರಲಿಲ್ಲ. ನರಸಪ್ಪ ಹಾರ್ನ್ ಒತ್ತುವುದನ್ನೂ ಅವಸರ ಮಾಡುವುದನ್ನೂ ನಿಲ್ಲಿಸಿದ್ದ. ಎಲ್ಲರೂ ಇಳಿದ ಮೇಲೆ ಒಂದೊಂದು ಸೀಟಿನ ಮೇಲೂ ಅಂಗೈ ಆಡಿಸುತ್ತ ಹಿಂದಿನವರೆಗೆ ಹೋಗಿ, ಮೊಣಕಾಲೂರಿ ನೋಡಿ ಬರುತ್ತಿದ್ದಳು.

ಡಿಸೆಂಬರಿನ ಒಂದು ಸಂಜೆ ಬೀಗ ಹಾಕಿ ಇಬ್ಬರೂ ಗೇಟಿನತ್ತ ನಡೆಯುತ್ತಿದ್ದರು. ಹಿಂದಿನಿಂದ, ಬಸ್ಸಿನೊಳಗಿನಿಂದ, ಒಂದು ಮಗುವಿನ ದನಿ ಕರೆಯಿತು.

"ಆಯಮ್ಮಾ."

ಒಂದೇ ಸಲ.

ಮಹಾನಂದಾ ನಿಂತಳು. ಆ ಸಂಜೆ ಮೂವತ್ತೆರಡು ಮಣಿಕಟ್ಟುಗಳು ಆಕೆಯ ಕೈ ದಾಟಿ ಹೋಗಿದ್ದವು. ಸ್ಪೂರ್ತಿಯದೂ. ಸೀಟುಗಳನ್ನು ಈಗಷ್ಟೇ ನೋಡಿ ಬಂದಿದ್ದಳು. ಕಾಲು ಗೇಟಿನ ಕಡೆಗೇ ಎಳೆಯುತ್ತಿತ್ತು. ನರಸಪ್ಪ ನೆಲ ನೋಡುತ್ತ ನಿಂತಿದ್ದ. ಅವನಿಗೂ ಕೇಳಿಸಿತ್ತೋ ಏನೋ.

"ಬೀಗ ತಗೀರಣ್ಣ."

"ಎಲ್ಲಾ ಮಕ್ಳೂ ಇಳಿದಿಲ್ವೇನಮ್ಮ?"

"ಇಳದಾವ."

"ಮತ್ತೆ?"

"ಕರದೈತಲ್ಲ. ನೋಡಬೇಕು."

ನರಸಪ್ಪ ಬೀಗ ತೆಗೆದು ಹಿಂದೆ ಸರಿದು ನಿಂತ. ಮಹಾನಂದಾ ಓಗೊಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹತ್ತಿದಳು. ಸೀಟಿನಿಂದ ಸೀಟಿಗೆ ಕೈಯಿಡುತ್ತ ಕೊನೆಯವರೆಗೆ ಹೋದಳು, ಬಗ್ಗಿ ಕೆಳಗೆ ಕೈ ಚಾಚಿ ಮೂಲೆಯವರೆಗೂ ತಡವಿದಳು. ಏನೂ ಇರಲಿಲ್ಲ. ಇಳಿದು ಬಂದು ಬೀಗವನ್ನು ತಾನೇ ಒತ್ತಿ ಹಾಕಿ, ಒಮ್ಮೆ ಎಳೆದು ನೋಡಿದಳು.

ಆ ವರ್ಷದ ಪರೀಕ್ಷೆ ಮುಗಿಯುವ ಹೊತ್ತಿಗೆ ಅಂಥ ಕೂಗು ಆಕೆಗೆ ಇನ್ನೂ ಮೂರು ಸಂಜೆ ಕೇಳಿಸಿತು. ಮೂರೂ ಸಂಜೆ ಬೀಗ ತೆಗೆಸಿದಳು.