ನಿತ್ಯಾನಂದ ಮಾವ ಗುರಿ ತಪ್ಪಿದ್ದು

ನಾರಾವಿಯ ನನ್ನ ಸೋದರಮಾವ ನಿತ್ಯಾನಂದರು ಕೋವಿ ಹಿಡಿದರೆ ಮೊದಲು ಗುರಿಯನ್ನಲ್ಲ, ಅದರ ಆಸುಪಾಸಿನ ಹುಲ್ಲನ್ನು ನೋಡುತ್ತಿದ್ದರು. ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು ಬಂದವರು. ಊರಲ್ಲಿ ಹಂದಿ ಓಡಿಸಲು ಪರವಾನಗಿಯ ಕೋವಿ ಇಟ್ಟುಕೊಂಡಿದ್ದರು. ಅಳದಂಗಡಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಒಂಬತ್ತು ಸಲ ಗೆದ್ದಿದ್ದರು. ಅವರ ಮಾನವೆಲ್ಲ ಇದ್ದದ್ದು ಆ ಗುರಿಯಲ್ಲಿ.

ನಮ್ಮದು ಅಳಿಯಕಟ್ಟಿನ ಮನೆತನ. ಮಾವನ ನಂತರ ಯಜಮಾನಿಕೆ ಅಳಿಯನಾದ ನನ್ನದು. ನಾನೋ, ಅಬುಧಾಬಿಯ ಶೂಟಿಂಗ್ ಕ್ಲಬ್ಬಿನಲ್ಲಿ ಸಾಮಾನು ಹೊರುತ್ತಿದ್ದವ. ಆದರೂ 2008ರ ಜನವರಿಯಲ್ಲಿ ರಜೆಗೆ ಬಂದಾಗ ದೊಡ್ಡ ಪಂಡಿತನಂತೆ ಅಂಗೈಯಗಲದ ಒಂದು ಯಂತ್ರ ತಂದೆ. ಅದರ ಪುಟ್ಟ ಫ್ಯಾನನ್ನು ಗಾಳಿಗೆ ಹಿಡಿದರೆ, ಗುಂಡು ಎಷ್ಟು ಸರಿಯುತ್ತದೆ, ಎಷ್ಟು ಬದಿಗೆ ಗುರಿ ಇಡಬೇಕು ಎಂದು ಅದೇ ಲೆಕ್ಕ ಹಾಕಿ ಹೇಳುತ್ತಿತ್ತು.

ಕೊಯ್ಲಾದ ಗದ್ದೆಯಲ್ಲಿ ಸ್ಪರ್ಧೆ. ನೂರು ಮೀಟರ್ ಆಚೆ ತೆಂಗಿನಕಾಯಿ. ಮಾವನ ಸರದಿ ಬಂದಾಗ ಚಪ್ಪರದ ಪಕ್ಕ ನಿಂತು ಯಂತ್ರ ಎತ್ತಿ ಹಿಡಿದೆ.

"ಗಾಳಿ ಎಡದಿಂದ ಉಂಟು ಮಾವ. ನಾಲ್ಕು ಬೆರಳು ಎಡಕ್ಕೆ ಇಡಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಮಾವ ಕಾಯಿಯ ಬುಡದ ಹುಲ್ಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹೊಡೆದರು. ಗುಂಡು ಕಾಯಿಯ ಎಡಗಡೆ ಮಣ್ಣಿಗೆ ಹೋಯಿತು. ಎರಡನೆಯದೂ ಅಲ್ಲಿಗೇ. ಮೂರನೆಯ ಗುಂಡು ಹೊಡೆಯದೆ ಬಂದೂಕು ಕೆಳಗಿಟ್ಟರು.

ಯಾರೋ ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಮಾವನಿಗಾಗಿ ಅಲ್ಲ, ನನ್ನ ಯಂತ್ರಕ್ಕಾಗಿ. "ಯಂತ್ರ ಸರಿ ಉಂಟು ಮಾರಾಯ್ರೆ. ಮಾವನಿಗೆ ಕಣ್ಣು ಮಂದ ಆಗಿದೆ," ಎಂದುಬಿಟ್ಟೆ. ವಾರದೊಳಗೆ ಆ ಸುದ್ದಿ ಪೇಟೆಯ ಹೋಟೆಲುಗಳಿಗೆಲ್ಲ ತಲುಪಿತು.

ಚುನಾವಣೆ ಬಂತು, ಪರವಾನಗಿಯ ಕೋವಿಗಳನ್ನೆಲ್ಲ ಮುಗಿಯುವವರೆಗೆ ಠಾಣೆಯಲ್ಲಿಡಬೇಕೆಂದಾಯಿತು. ಎಲ್ಲರಂತೆ ಮಾವನೂ ಠಾಣೆಗೆ ಹೋಗಿ ಕೋವಿ ಒಪ್ಪಿಸಿದರು. ಮುಗಿದ ಮೇಲೆ ಉಳಿದವರೆಲ್ಲ ತಮ್ಮ ತಮ್ಮ ಕೋವಿ ವಾಪಸು ತಂದರು, ಮಾವ ತರಲಿಲ್ಲ. ನವೆಂಬರಿನಲ್ಲಿ ನಾನು ಮತ್ತೆ ಬಂದಾಗ ಅರ್ಧ ಗದ್ದೆಯನ್ನು ಹಂದಿಗಳು ಉತ್ತು ಹಾಕಿದ್ದವು. "ನೀನಾದರೂ ಹೇಳು ಶಿಶಿರ್, ನನ್ನ ಮಾತು ಕೇಳುವುದಿಲ್ಲ," ಎಂದು ಜಲಜಾಕ್ಷಿ ಅತ್ತೆ ಕಣ್ಣೊರೆಸಿಕೊಂಡರು.

ಗದ್ದೆಯ ಬದುವಿನಲ್ಲಿ ಮಾವನನ್ನು ಹಿಡಿದೆ. "ಮಂಗಳೂರಿಗೆ ಹೋಗುವ ಮಾವ. ಕಣ್ಣು ತೋರಿಸುವ."

"ಕಣ್ಣಿಗೆ ಏನೂ ಆಗಲಿಲ್ಲ."

"ಮತ್ತೆ ಅವತ್ತು?"

"ನೀನು ನಿಂತಲ್ಲಿ ಗಾಳಿ ಎಡದಿಂದ ಇತ್ತು. ಕಾಯಿಯ ಹತ್ತಿರ ಬಲದಿಂದ ಇತ್ತು. ಹುಲ್ಲು ಬಾಗಿದ್ದು ನನಗೆ ಕಾಣ್ತಿತ್ತು."

"ಗೊತ್ತಿದ್ದೂ ಯಾಕೆ ಹಾಗೆ ಹೊಡೆದಿರಿ?"

"ನಾಳೆ ಮನೆ ನಡೆಸುವವ ನೀನು. ಅಷ್ಟು ಜನರ ಎದುರು ನೀನು ಹೇಳಿದ್ದನ್ನು ಬಿಟ್ಟು ಕಾಯಿ ಒಡೆದು, ನಿನ್ನ ಮಾತು ಬಿದ್ದುಹೋಗುವ ಹಾಗೆ ನಾನು ಮಾಡುವುದಾ?"

"ಆಯ್ತು, ಕೋವಿಯನ್ನಾದರೂ ತನ್ನಿ," ಎಂದೆ.

ಮಾವ ಹಂದಿ ಕೆದಕಿದ ಮಣ್ಣನ್ನು ಕಾಲಿನಿಂದ ಸರಿಮಾಡುತ್ತ ಹೇಳಿದರು: "ತಂದರೆ ಸ್ಪರ್ಧೆಗೆ ಕರೀತಾರೆ. ಹೋದರೆ ಕಾಯಿ ಒಡೀತದೆ. ಒಡೆದರೆ, ಹೋದ ಸಲ ತಪ್ಪಿದ್ದು ಯಾರಿಂದ ಅಂತ ಊರಿಗೆಲ್ಲ ಗೊತ್ತಾಗ್ತದೆ, ಮಗಾ."